ಕೋತಿಗೂ ಹೆಜ್ಜೇನಿಗೂ ಒಂದೇ ಮರ

ಕಾಮಸಮುದ್ರದ ಹೆಸರು ಪತ್ರಿಕೆಗೆ ಬರುವುದು ಬಹುಪಾಲು ಕಾಡಾನೆಯ ದೆಸೆಯಿಂದ. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿಯ ಒಂದು ಮಗ್ಗುಲಿಗೆ ಆಂಧ್ರದ ಕುಪ್ಪಂ, ಇನ್ನೊಂದು ಮಗ್ಗುಲಿಗೆ ತಮಿಳುನಾಡಿನ ಕೃಷ್ಣಗಿರಿ ಸೀಮೆ. ಮೂರೂ ರಾಜ್ಯಗಳ ಕುರುಚಲು ಕಾಡು ಇಲ್ಲಿ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಆನೆ ಹಿಂಡು ಅತ್ತಿಂದಿತ್ತ ಓಡಾಡುತ್ತದೆ, ರಾಗಿ ತೆನೆಗೆ ಬಂದಾಗ ಹೊಲಕ್ಕಿಳಿಯುತ್ತದೆ. ಮನುಷ್ಯರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಈ ಗದ್ದಲದಲ್ಲಿ ಅದೇ ಸೀಮೆಯ ಇನ್ನೆರಡು ಜೀವಿಗಳ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು, ಎಲ್ಲರೂ ಬೇಕಾದಷ್ಟಿದೆ ಎಂದುಕೊಂಡಿರುವ ಕೋತಿ. ಇನ್ನೊಂದು, ಎಲ್ಲರೂ ಹೆದರುವ ಹೆಜ್ಜೇನು. ಅಳಿವಿನ ಭೀತಿಯಲ್ಲಿರುವ ಪ್ರೈಮೇಟ್ (ಕೋತಿ ಸೇರಿದ ದೊಡ್ಡ ಕುಲ) ಮತ್ತು ಅಳಿವಿನ ಭೀತಿಯಲ್ಲಿರುವ ಕೀಟ, ಇವೆರಡರಲ್ಲಿ ಮೊದಲು ಯಾವುದನ್ನು ಉಳಿಸಬೇಕು ಎಂಬ ಚರ್ಚೆ ಪ್ರಪಂಚದಾದ್ಯಂತ ಸಂರಕ್ಷಣಾ ವಿಜ್ಞಾನಿಗಳ ನಡುವೆ ನಡೆದೇ ಇದೆ. ಹಣ ಕಡಿಮೆ, ಕಾಲ ಕಡಿಮೆ, ಆದ್ದರಿಂದ ಆಯ್ಕೆ ಮಾಡಿ ಎನ್ನುವುದು ಆ ಚರ್ಚೆಯ ಧಾಟಿ. ಕೋಲಾರ ಸೀಮೆಯ ಉದಾಹರಣೆ ಇಟ್ಟುಕೊಂಡು ನೋಡಿದರೆ ಆ ಪ್ರಶ್ನೆಯನ್ನೇ ತಪ್ಪು ಕಡೆಯಿಂದ ಹಿಡಿದಿದ್ದೇವೆ ಅನ್ನಿಸುತ್ತದೆ. ಇವೆರಡರ ಅಪಾಯವನ್ನು ಒಂದೇ ತಕ್ಕಡಿಯಲ್ಲಿ ತೂಗುವ ಮಾಹಿತಿ ನಮ್ಮ ಬಳಿ ಇಲ್ಲ. ಇದ್ದರೂ ತೂಗುವ ಅಗತ್ಯ ಬೀಳುವುದಿಲ್ಲ, ಏಕೆಂದರೆ ಇಬ್ಬರ ಮನೆಯೂ ಬಹುಮಟ್ಟಿಗೆ ಒಂದೇ: ಊರಾಚೆಯ ಹಳೆಯ ದೊಡ್ಡ ಮರ.

ಮೊದಲು ಕೋತಿಯ ಲೆಕ್ಕ. ನಮ್ಮ ಊರುಗಳ ಕೋತಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ನೆತ್ತಿಯ ಮೇಲೆ ಬೈತಲೆ ತೆಗೆದಂತೆ ಸುತ್ತಿಕೊಂಡ ಕೂದಲಿನ ಟೊಪ್ಪಿಗೆ ಅದರ ಗುರುತು. ಕೃಷ್ಣಾ, ಗೋದಾವರಿ, ತಾಪಿ ನದಿಗಳ ಆಸುಪಾಸಿನಲ್ಲಿ ಅದರ ಸೀಮೆ ಮುಗಿದು ಉತ್ತರದ ಕೆಂಪುಮೂತಿಯ ರೀಸಸ್ ಕೋತಿಯ ಸೀಮೆ ಶುರುವಾಗುತ್ತದೆ. ಆ ಗೆರೆಯೂ ಈಗ ದಕ್ಷಿಣಕ್ಕೆ ಸರಿಯುತ್ತಿದ್ದು, ನಮ್ಮ ಕೋತಿಯ ಜಾಗವನ್ನು ರೀಸಸ್ ಆಕ್ರಮಿಸುತ್ತಿದೆ ಎಂದು 2011ರಲ್ಲೇ ಸಂಶೋಧಕರು ಎಚ್ಚರಿಸಿದ್ದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ದಶಕಗಳ ಕಾಲ ರಸ್ತೆಬದಿ, ದೇವಸ್ಥಾನ, ಪ್ರವಾಸಿ ತಾಣಗಳ ಕೋತಿ ಗುಂಪುಗಳನ್ನು ಮತ್ತೆ ಮತ್ತೆ ಎಣಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನುಷ್ಯರ ನಡುವೆ ಬದುಕುವ ಈ ಕೋತಿಗಳ ಸಂಖ್ಯೆ 25 ವರ್ಷಗಳಲ್ಲಿ ಶೇ. 65ಕ್ಕೂ ಹೆಚ್ಚು ಕುಸಿದಿತ್ತು. ಮುಖ್ಯ ಕಾರಣಗಳಲ್ಲಿ ಒಂದು, ರಸ್ತೆ ಅಗಲೀಕರಣಕ್ಕೆ ಬಲಿಯಾದ ಸಾಲುಮರಗಳು. 2020ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿ ಇದನ್ನು 'ಅಪಾಯಕ್ಕೀಡಾಗಬಲ್ಲ' ಪ್ರಭೇದಗಳ ಸಾಲಿಗೆ ಸೇರಿಸಿತು. 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಬಂಧದಲ್ಲಿ, ಅಂದರೆ ಹುಲಿ, ಆನೆಗಳ ಪಂಕ್ತಿಯಲ್ಲೇ ಇದಕ್ಕೆ ಜಾಗ ಸಿಕ್ಕಿದೆ. ಬಂಗಾರಪೇಟೆ ರೈಲು ನಿಲ್ದಾಣದ ಆಚೀಚೆ ಬಾಳೆಹಣ್ಣು ಕಿತ್ತುಕೊಂಡು ಓಡುವ ಪ್ರಾಣಿಗೆ ಹುಲಿಯಷ್ಟೇ ಕಾನೂನಿನ ಕಾವಲಿದೆ ಎಂದರೆ ಕೇಳಿದವರು ನಗಬಹುದು. ಆದರೆ ಎದುರಿಗೇ ಓಡಾಡುವ ಪ್ರಾಣಿ ಕಡಿಮೆಯಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಮರ ಕಳೆದುಕೊಂಡ ಗುಂಪು ಊರೊಳಗೆ ಬಂದರೆ ಕೋತಿ ಹೆಚ್ಚಾದವು ಎಂದೇ ಊರವರಿಗೆ ತೋರುತ್ತದೆ.

ಕೀಟದ ಕಡೆಗೆ ತಿರುಗಿದರೆ ಲೆಕ್ಕದ ಪುಸ್ತಕವೇ ತೆಳುವಾಗುತ್ತದೆ. ಪ್ರಪಂಚದ ಸುಮಾರು 500 ಪ್ರೈಮೇಟ್ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಸ್ಥಿತಿಗತಿಯೂ ದಾಖಲಾಗಿದೆ, ಶೇ. 60ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ ಎಂದು 2017ರ ಒಂದು ದೊಡ್ಡ ಸಮೀಕ್ಷೆ ಹೇಳಿತು. ಕೀಟಗಳಲ್ಲಿ ಹೆಸರಿಟ್ಟವೇ ಹತ್ತು ಲಕ್ಷದಷ್ಟು. ಅವುಗಳಲ್ಲಿ ಕೆಂಪು ಪಟ್ಟಿಯವರು ಪರಿಶೀಲಿಸಿರುವ ಪ್ರಭೇದಗಳು ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ನಮ್ಮ ವನ್ಯಜೀವಿ ಕಾಯ್ದೆಯ ಅನುಬಂಧಗಳಲ್ಲಿ ಕೀಟಗಳಿವೆ ನಿಜ, ಆದರೆ ಬಹುಪಾಲು ಚಿಟ್ಟೆಗಳು. ಚಂದದ ರೆಕ್ಕೆಯುಳ್ಳವು, ಸಂಗ್ರಹಕಾರರು ಹಿಡಿದು ಮಾರುವಂಥವು. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಹಾಗೆಂದು ಜೇನು ಕ್ಷೇಮವಾಗಿದೆ ಎಂದರ್ಥವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೀತಾ ತಿಮ್ಮೇಗೌಡ ಮತ್ತು ಶಾನನ್ ಓಲ್ಸನ್ ತಂಡ ನಗರದ ಬೇರೆ ಬೇರೆ ಭಾಗಗಳಿಂದ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಹಿಡಿದು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿತು. ಗಾಳಿ ಕೆಟ್ಟಿರುವ ಕಡೆ ಹೂವಿಗೆ ಬರುವ ಜೇನುಗಳೇ ಕಡಿಮೆ. ಬಂದವನ್ನು ಹಿಡಿದು ತಂದರೆ ಹತ್ತರಲ್ಲಿ ಎಂಟು 24 ಗಂಟೆಯೊಳಗೆ ಸತ್ತವು. ಆ ಜೇನುಗಳ ಮೈಮೇಲೆ ಲೋಹದ ಕಣಗಳು ಅಂಟಿದ್ದವು, ಹೃದಯದ ಬಡಿತ ತಾಳ ತಪ್ಪಿತ್ತು. ಬೆಂಗಳೂರಿಂದ ಹೊಸಕೋಟೆ, ಮಾಲೂರು, ಬಂಗಾರಪೇಟೆ, ಕೆಜಿಎಫ್ ಬದಿಯಲ್ಲಿ ಚೆನ್ನೈ ಕಡೆಗೆ ಹೋಗುವ ಹೊಸ ಎಕ್ಸ್‌ಪ್ರೆಸ್‌ವೇ ವಾಹನಗಳ ಜೊತೆಗೆ ಅದೇ ಹೊಗೆಯನ್ನೂ ಈ ಸೀಮೆಗೆ ಹೊತ್ತು ತರುತ್ತಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಕರ್ನಾಟಕದಲ್ಲಿ ಕೀಟವೊಂದು ನಿಜಕ್ಕೂ ಕುಸಿದುಬಿದ್ದ ಪ್ರಕರಣ ಬೇಕೆಂದರೆ 1991-92ಕ್ಕೆ ಹೋಗಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆ ಜೇನಿಗೆ ತಗುಲಿತು. ಎರಿಯೊಳಗಿನ ಮರಿಹುಳು ನೀರು ತುಂಬಿದ ಚೀಲದಂತೆ ಊದಿ ಸಾಯುವುದು ಅದರ ಲಕ್ಷಣ. ದಕ್ಷಿಣ ಭಾರತದ ಪೆಟ್ಟಿಗೆಗಳಲ್ಲಿದ್ದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡದ ಜೇನು ಸಹಕಾರ ಸಂಘಗಳು ತತ್ತರಿಸಿದವು. ಈ ಅಂಕಿ ನಮಗೆ ಗೊತ್ತಿರುವುದಾದರೂ ಹೇಗೆ? ಪೆಟ್ಟಿಗೆಗೆ ಒಬ್ಬ ಒಡೆಯನಿದ್ದ, ಸಂಘದ ರಿಜಿಸ್ಟರಿನಲ್ಲಿ ಪೆಟ್ಟಿಗೆಯ ಲೆಕ್ಕವಿತ್ತು. ಅದೇ ಹೊತ್ತಿನಲ್ಲಿ ಮರದ ಪೊಟರೆಗಳಲ್ಲಿದ್ದ ಕಾಡು ತುಡುವೆಗೆ ಏನಾಯಿತೆಂದು ಬರೆದಿಡಲು ಯಾವ ರಿಜಿಸ್ಟರೂ ಇರಲಿಲ್ಲ. ಹೆಜ್ಜೇನಂತೂ ಪೆಟ್ಟಿಗೆಗೆ ಒಗ್ಗುವ ಜಾತಿಯೇ ಅಲ್ಲ. ಕೊಂಬೆಯಿಂದ ಬಯಲಿಗೆ ಜೋತುಬಿದ್ದ ಒಂದೇ ಅಗಲವಾದ ಎರಿ ಅದರ ಸಂಸಾರ. ಒಡೆಯನಿಲ್ಲದ ಕೀಟ ಸಾಯುವುದೂ ಲೆಕ್ಕಕ್ಕೆ ಬರದೆಯೇ.

ಒಡೆಯನಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ರೈತರಿಗೆ ಹೇಳಿಕೊಡಬೇಕಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿತು, ಜ್ವರದಿಂದ ಎದ್ದಿತು ಎಂದು ದಿನ ಎಣಿಸುತ್ತಾರೆ. ನಾಲ್ಕನೇ ಜ್ವರ ದಾಟಿದ ಹುಳುವಿಗೆ ಸೊಪ್ಪು ಹಾಕುವಾಗ ಇಡೀ ಮನೆ ನಿದ್ದೆಗೆಡುತ್ತದೆ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದು ಅದರ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಕಿದರೆ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕಿದ್ದ ಬೆಳೆ ಒಂದೇ ದಿನದಲ್ಲಿ ಕೈಬಿಡುತ್ತದೆ ಎಂಬುದು ಇಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಔಷಧಿ ಹೊಡೆಯುವ ಮುಂಚೆ ಪಕ್ಕದವರಿಗೆ ಒಂದು ಮಾತು ಹೇಳುವ ಶಿಸ್ತೂ ಹಲವು ಕಡೆ ಇದೆ. ಕೀಟನಾಶಕ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ, ಎಷ್ಟು ಸಣ್ಣ ಪ್ರಮಾಣದಲ್ಲಿ ಹುಳುವನ್ನು ಕೊಲ್ಲುತ್ತದೆ ಎಂಬ ಪಾಠ ಈ ಸೀಮೆಗೆ ಹೊಸದಲ್ಲ. ರೇಷ್ಮೆ ಹುಳುವಿನ ಬೆನ್ನಿಗೆ 1948ರಿಂದ ಕೇಂದ್ರ ರೇಷ್ಮೆ ಮಂಡಳಿ ಇದೆ, ಮೊಟ್ಟೆ ಉತ್ಪಾದನಾ ಕೇಂದ್ರಗಳಿವೆ, ಗೂಡಿನ ಮಾರುಕಟ್ಟೆ ಇದೆ. ಮನುಷ್ಯನ ಆಸರೆ ಇಲ್ಲದೆ ಒಂದು ವಾರವೂ ಬದುಕಲಾರದ ಹುಳು ಅದು. ಹಾರಲೂ ಬಾರದ ಪತಂಗ. ಆದರೂ ಅದಕ್ಕೆ ಅಳಿವಿನ ಭಯವಿಲ್ಲ. ಅದೇ ಔಷಧಿ ಅದೇ ಟೊಮೆಟೊ ಹೊಲದಲ್ಲಿ ಕಾಡುಜೇನಿಗೆ ತಾಕಿದಾಗ ಯಾರ ಬೆಳೆಯೂ ಕೈಬಿಡುವುದಿಲ್ಲ, ಆದ್ದರಿಂದ ಯಾರೂ ಜಗಳಕ್ಕೆ ಹೋಗುವುದಿಲ್ಲ. ಪ್ರೈಮೇಟ್ ಹೆಚ್ಚೋ ಕೀಟ ಹೆಚ್ಚೋ ಎಂದು ವಾದಿಸುವವರು ಮೂರನೆಯದಾದ ಈ ರೇಷ್ಮೆ ಹುಳುವನ್ನು ಗಮನಿಸುವುದು ಒಳ್ಳೆಯದು. ಕೀಟವೆಂಬ ಕಾರಣಕ್ಕೇ ಜನ ಉದಾಸೀನ ಮಾಡುವುದಿಲ್ಲ, ಬೆಲೆ ಗೊತ್ತಿಲ್ಲದ್ದನ್ನು ಉದಾಸೀನ ಮಾಡುತ್ತಾರೆ.

ಕೀಟಗಳ ಬಗ್ಗೆ ಕೂಗು ಹಾಕುವವರೂ ಕೆಲವೊಮ್ಮೆ ಅಳತೆ ಮೀರುತ್ತಾರೆ ಎನ್ನುವುದನ್ನು ಇಲ್ಲೇ ಒಪ್ಪಿಬಿಡಬೇಕು. ಜರ್ಮನಿಯ 63 ಸಂರಕ್ಷಿತ ತಾಣಗಳಲ್ಲಿ 27 ವರ್ಷ ಬಲೆ ಕಟ್ಟಿ ತೂಗಿದಾಗ ಹಾರುವ ಕೀಟಗಳ ಒಟ್ಟು ತೂಕ ಶೇ. 75ಕ್ಕಿಂತ ಹೆಚ್ಚು ಇಳಿದಿತ್ತು ಎಂಬ 2017ರ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಮೂರು ವರ್ಷದ ನಂತರ ಬಂದ ಇನ್ನೂ ವಿಸ್ತಾರವಾದ ವಿಶ್ಲೇಷಣೆಯೊಂದು, ನೆಲದ ಕೀಟಗಳು ಹತ್ತು ವರ್ಷಕ್ಕೆ ಶೇ. 9ರಷ್ಟು ಇಳಿಯುತ್ತಿದ್ದರೆ ಸಿಹಿನೀರಿನ ಕೀಟಗಳು ಶೇ. 11ರಷ್ಟು ಏರುತ್ತಿವೆ ಎಂದಿತು. ಆ ಮಾಹಿತಿಯ ಬಹುಭಾಗ ಯುರೋಪ್, ಅಮೆರಿಕಗಳದ್ದು. ಅದನ್ನು ಹೊತ್ತು ತಂದು ಕಾಮಸಮುದ್ರದ ಕೀಟಗಳೂ ಮುಕ್ಕಾಲುಪಾಲು ಹೋದವು ಎನ್ನುವುದು ಸುಳ್ಳು ಹೇಳಿದಂತೆಯೇ. ಆದರೆ ಜರ್ಮನಿಯ ವರದಿಯಲ್ಲಿ ನಮಗೆ ಬೇಕಾದ ಒಂದು ಸಂಗತಿಯಿದೆ. ಆ ಬಲೆಗಳು ಇದ್ದದ್ದು ಸಂರಕ್ಷಿತ ಜಾಗಗಳಲ್ಲಿ. ಕಾಡಿಗೆ ಕಾವಲಿಟ್ಟ ಮಾತ್ರಕ್ಕೆ ಕೀಟ ಉಳಿಯುವುದಿಲ್ಲ, ಅದರ ಸುತ್ತಲಿನ ಹೊಲದಲ್ಲಿ ನಡೆಯುವುದು ಒಳಗಿನ ಕೀಟಕ್ಕೂ ತಟ್ಟುತ್ತದೆ.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಎದ್ದು ಬರುವ ಆಕ್ಷೇಪ ಇದು: ಕೋತಿ ಒಂದು ಹೆರಿಗೆಗೆ ಒಂದೇ ಮರಿ ಹಾಕುತ್ತದೆ, ಆ ಮರಿ ತಾಯಾಗಲು ನಾಲ್ಕಾರು ವರ್ಷ ಬೇಕು; ಕೀಟವಾದರೋ ಸಾವಿರಾರು ಮೊಟ್ಟೆ ಇಡುತ್ತದೆ. ಒಂದು ಬೇಸಗೆಯಲ್ಲಿ ಸತ್ತದ್ದು ಮುಂದಿನ ಮಳೆಗೆ ಮತ್ತೆ ಹುಟ್ಟಿಕೊಳ್ಳುತ್ತದೆ, ಅದಕ್ಕೇಕೆ ಚಿಂತೆ? ಸೊಳ್ಳೆಯ ವಿಷಯದಲ್ಲಿ ಈ ಮಾತು ಸರಿ. ಜೇನಿನ ವಿಷಯದಲ್ಲಿ ಸರಿಯಲ್ಲ. ಒಂದು ಹೆಜ್ಜೇನು ಹುಟ್ಟಿನಲ್ಲಿ ಹತ್ತಾರು ಸಾವಿರ ಹುಳುಗಳಿದ್ದರೂ ಮೊಟ್ಟೆಯಿಡುವ ರಾಣಿ ಒಂದೇ; ಉಳಿದವು ಅವಳ ಮಕ್ಕಳು. ಸಂತತಿಯ ಲೆಕ್ಕದಲ್ಲಿ ಇಡೀ ಹುಟ್ಟು ಒಂದು ತಾಯಿಗೆ ಸಮ. ಒಂದು ತೋಪಿನಲ್ಲಿ ಹತ್ತು ಹುಟ್ಟುಗಳಿದ್ದರೆ ಅಲ್ಲಿರುವುದು ಐದು ಲಕ್ಷ ಜೇನಲ್ಲ, ಹತ್ತು ತಾಯಂದಿರು. ಕೋತಿಯ ಒಂದೆರಡು ಗುಂಪಿನಲ್ಲಿ ಅಷ್ಟೇ ತಾಯಂದಿರು ಸಿಗುತ್ತಾರೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಜೇನಿನಲ್ಲಿ ಗಂಡು, ಹೆಣ್ಣು ಎಂಬುದು ತೀರ್ಮಾನವಾಗುವುದು ಒಂದೇ ಒಂದು ಜೀನ್‌ನಿಂದ: ಫಲಿತ ಮೊಟ್ಟೆಯಲ್ಲಿ ಆ ಜೀನ್‌ನ ಎರಡು ಬೇರೆ ಬೇರೆ ರೂಪಗಳು ಕೂಡಿದರೆ ಹೆಣ್ಣು, ಎರಡೂ ಒಂದೇ ರೂಪವಾದರೆ ಕೆಲಸಕ್ಕೆ ಬಾರದ ಗಂಡು. ಅಂಥ ಮರಿಗಳನ್ನು ಕೆಲಸಗಾರ ಜೇನುಗಳೇ ತಿಂದುಹಾಕುತ್ತವೆ. ಸೀಮೆಯಲ್ಲಿ ಹುಟ್ಟುಗಳು ಕಡಿಮೆಯಾಗಿ ರಕ್ತಸಂಬಂಧದೊಳಗೇ ಕೂಡಿದಾಗ ಇಂಥ ಮರಿಗಳು ಹೆಚ್ಚುತ್ತವೆ, ಹುಟ್ಟು ಒಳಗಿಂದ ಸೊರಗುತ್ತದೆ. ಅಂದರೆ ಜೇನಿನ ಸಂಖ್ಯೆ ಒಂದು ಮಟ್ಟದ ಕೆಳಗಿಳಿದರೆ ಅದರ ಕುಸಿತಕ್ಕೆ ತಾನೇ ವೇಗ ಬರುತ್ತದೆ. ಕೋತಿಯ ಸಣ್ಣ ಗುಂಪಿಗೂ ರಕ್ತಸಂಬಂಧದ ಕಷ್ಟವಿದೆ, ಆದರೆ ಅಲ್ಲಿ ಫಲಿತ ಮೊಟ್ಟೆಗಳ ಒಂದು ಪಾಲು ಒಂದೇ ತಲೆಮಾರಿನಲ್ಲಿ ವ್ಯರ್ಥವಾಗುವ ಇಂಥ ಕ್ರೂರ ಲೆಕ್ಕವಿಲ್ಲ.

ಇನ್ನು ಮರದ ಮಾತು. ಹೆಜ್ಜೇನು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಹೂವು ಮುಗಿದರೆ ಎರಿ ಬಿಟ್ಟು ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ವಲಸೆ ಹೋಗುತ್ತದೆ, ಋತು ಬಂದಾಗ ಅದೇ ಮರಕ್ಕೆ ಮರಳುತ್ತದೆ. ಅದೇ ಸಂತತಿ ಅದೇ ಜಾಗಕ್ಕೆ ಬರುತ್ತದೆ ಎಂಬುದನ್ನು ವಂಶವಾಹಿ ಪರೀಕ್ಷೆಗಳೂ ಹೇಳಿವೆ. ಕೋಲಾರಕ್ಕೆ ಹೋಗುವ ದಾರಿಯಲ್ಲೇ ಸಿಗುವ ಹೊಸಕೋಟೆ ತಾಲ್ಲೂಕಿನ ನಂದಗುಡಿ ಬಳಿ ರಾಮಗೋವಿಂದಪುರದ ಆಲದ ಮರ ಇದಕ್ಕೆ ದೊಡ್ಡ ಸಾಕ್ಷಿ. ಒಂದೇ ಋತುವಿನಲ್ಲಿ ನೂರಾರು ಹುಟ್ಟುಗಳು ಆ ಒಂದು ಮರದಲ್ಲಿ ಕಟ್ಟಿದ್ದನ್ನು ಬೆಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಅಂಥ ಮರವನ್ನು ಕಡಿದರೆ ನಷ್ಟವಾಗುವುದು ಒಂದು ಮರವಲ್ಲ, ಒಂದು ಸೀಮೆಯ ಹೆಜ್ಜೇನು ಸಂತತಿಯ ದೊಡ್ಡ ಪಾಲು. ಕೋತಿಗೂ ಆಲ, ಅರಳಿ, ಅತ್ತಿ, ಗೋಣಿ ಮರಗಳೇ ಆಧಾರ. ಬೇರೆ ಹಣ್ಣು ಇಲ್ಲದ ತಿಂಗಳಲ್ಲೂ ಅವುಗಳಲ್ಲಿ ಒಂದಲ್ಲ ಒಂದು ಹಣ್ಣು ಬಿಟ್ಟಿರುತ್ತದೆ. ರಾತ್ರಿ ನಾಯಿ, ಚಿರತೆಗೆ ಸಿಗದಂತೆ ಮಲಗಲು ಎತ್ತರದ ಕೊಂಬೆಯೂ ಅಲ್ಲೇ.

ಈ ಮರಗಳ ಹಣ್ಣಿನೊಳಗೆ ನಮ್ಮ ಹೋಲಿಕೆಯ ಗಂಟು ಇದೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಎಂದು ಹೇಸುವ ಮಾತು ಹಳೆಯದು. ಆ ಹುಳ ಇಲ್ಲದಿದ್ದರೆ ಹಣ್ಣೇ ಇಲ್ಲ ಎನ್ನುವುದು ಅಷ್ಟು ಜನರಿಗೆ ತಿಳಿದಿಲ್ಲ. ಅತ್ತಿಯ ಹೂವುಗಳು ಕಾಯಿಯ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಕಾಯಿಯ ತುದಿಯಲ್ಲಿ ಸೂಜಿಮೊನೆ ಹೋಗುವಷ್ಟು ಬಾಯಿ, ಅದಕ್ಕೂ ಪದರ ಪದರವಾಗಿ ಮುಚ್ಚಳ. ಎರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಮೈಮೇಲೆ ಪರಾಗ ಹೊತ್ತು ಬಂದು ಆ ಬಾಯಿಯಲ್ಲಿ ತಲೆ ತೂರಿಸುತ್ತದೆ. ಒಳಗೆ ನುಸುಳುವಾಗ ರೆಕ್ಕೆ ಕಿತ್ತು ಹೋಗುತ್ತವೆ, ಮೀಸೆಯ ತುಂಡುಗಳು ಮುರಿಯುತ್ತವೆ. ಕಾಯಿಯ ಬಾಯಿಯ ಬಳಿ ಆ ರೆಕ್ಕೆಗಳು ಅಂಟಿಕೊಂಡಿರುವುದನ್ನು ಭೂತಗನ್ನಡಿಯಲ್ಲಿ ಕಾಣಬಹುದು. ಒಳಗೆ ಹೂವಿಗೆ ಪರಾಗ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ವಾರಗಳ ನಂತರ ಮೊದಲು ಹೊರಬರುವವು ರೆಕ್ಕೆಯಿಲ್ಲದ ಗಂಡುಗಳು. ಅವು ಹೆಣ್ಣುಗಳೊಡನೆ ಕೂಡಿ, ಅವುಗಳು ಹೊರಹೋಗಲು ಕಾಯಿಗೆ ದಾರಿ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ. ಹಾರಿದ ಹೆಣ್ಣಿನ ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ, ಅದೇ ಹದದ ಕಾಯಿಯಿರುವ ಇನ್ನೊಂದು ಮರ ಸಿಗಬೇಕು. ಅತ್ತಿಗೊಂದು ಕಣಜ, ಆಲಕ್ಕೆ ಇನ್ನೊಂದು. ಒಂದರ ಕೆಲಸವನ್ನು ಮತ್ತೊಂದು ಮಾಡುವುದಿಲ್ಲ. ಕಣಜ ಬಾರದ ಕಾಯಿ ಸಾಮಾನ್ಯವಾಗಿ ಹಣ್ಣಾಗದೆ ಉದುರುತ್ತದೆ. ಕೋತಿಯ ಹೊಟ್ಟೆ ತುಂಬುವುದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದನ್ನು ಅಧ್ಯಯನ ಮಾಡಿದ ರೆನೀ ಬೋರ್ಜಸ್ ಅವರಂಥ ಕೆಲವರು ಬಿಟ್ಟರೆ ಹೆಚ್ಚಿನವರು ಹೆಸರೂ ಕೇಳದ ಈ ಕಣಜದಿಂದ. ಹಣ್ಣು ತಿಂದ ಕೋತಿ, ಹಕ್ಕಿ, ಬಾವಲಿಗಳು ಬೀಜವನ್ನು ದೂರದ ಗೋಡೆ, ಮರದ ಸಂದುಗಳಿಗೆ ಒಯ್ದು ಕಣಜಕ್ಕೆ ಮುಂದಿನ ಮರ ಹಾಕಿಕೊಡುತ್ತವೆ.

ಕಣಜಕ್ಕೆ ಮರಗಳ ಕೊರತೆಯಿಂದ ನಿಜಕ್ಕೂ ಅಪಾಯವೇ ಎಂದು ಕೇಳಬಹುದು. ಆಫ್ರಿಕಾದ ನಮೀಬಿಯಾದಲ್ಲಿ ಒಂದು ಅತ್ತಿ ಜಾತಿಯ ಕಣಜಗಳು ಗಾಳಿಗೆ ಬಿದ್ದು 160 ಕಿಲೋಮೀಟರ್‌ವರೆಗೆ ಪರಾಗ ಒಯ್ದದ್ದು ದಾಖಲಾಗಿದೆ. ಅಂದಮೇಲೆ ನಾಲ್ಕು ಮರ ಕಡಿದರೆ ಕಣಜ ಹೋಗಿಬಿಡುವುದಿಲ್ಲ. ಆದರೆ ಸಿಂಗಪುರದಲ್ಲಿ ನಡೆದ 2013ರ ಅಧ್ಯಯನವೊಂದು, ಈಗಿನ ಉಷ್ಣತೆಗಿಂತ ಮೂರು ಡಿಗ್ರಿ ಏರಿದರೆ ಈ ಕಣಜಗಳ ಆಯುಸ್ಸು ಗಂಟೆಗಳಿಗೆ ಇಳಿಯುತ್ತದೆ ಎಂದು ಕಂಡುಕೊಂಡಿತು. ಆಯುಸ್ಸು ಕಡಿಮೆಯಾದಷ್ಟೂ ಮರಗಳು ಹತ್ತಿರ ಹತ್ತಿರ ಇರಬೇಕಾಗುತ್ತದೆ. ನಾವು ಮಾಡುತ್ತಿರುವುದು ಅದರ ತಿರುಗುಮುರುಗು.

ಈ ಸೀಮೆಯಲ್ಲಿ ಮರ ಹೋದದ್ದಕ್ಕೆ ಉದ್ದ ಚರಿತ್ರೆಯಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನದ ಗಣಿಗಾರಿಕೆಗೆ ಕೈ ಹಾಕಿತು. ಶಿವನಸಮುದ್ರದ ವಿದ್ಯುತ್ತು ಕೆಜಿಎಫ್ ತಲುಪಿದ್ದು 1902ರಲ್ಲಿ; ಅಲ್ಲಿಯತನಕ ಯಂತ್ರಗಳು ಹಬೆಯಲ್ಲಿ ಓಡಿದವು, ಹಬೆಗೆ ಸೌದೆ ಬೇಕಿತ್ತು, ಸುರಂಗದ ಆಸರೆಗೆ ದಿಮ್ಮಿ ಬೇಕಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳು ಉಳಿದವು. ಕಾಡು ತೆಳುವಾದ ಇಂಥ ಸೀಮೆಯಲ್ಲಿ ದೊಡ್ಡ ಮರ ಉಳಿದದ್ದು ಎರಡೇ ಕಡೆ, ರಸ್ತೆಬದಿಯ ಸಾಲುಮರದಲ್ಲಿ ಮತ್ತು ಊರೊಟ್ಟಿನ ಗುಂಡುತೋಪಿನಲ್ಲಿ. ಸಾಲುಮರ ಹೆದ್ದಾರಿ ಅಗಲೀಕರಣಕ್ಕೆ ಹೋಯಿತು. ಗುಂಡುತೋಪು ಕಂದಾಯ ದಾಖಲೆಯಲ್ಲಿ ಮಾತ್ರ ಉಳಿದು, ನೆಲದ ಮೇಲೆ ಒತ್ತುವರಿಗೋ ಸರ್ಕಾರಿ ಕಟ್ಟಡಕ್ಕೋ ಸೇರಿದ ಉದಾಹರಣೆಗಳು ಜಿಲ್ಲೆಯ ಉದ್ದಗಲಕ್ಕೂ ಇವೆ. ಹೋದ ಮರಗಳಿಗೆ ಬದಲಾಗಿ ಸೀಮೆಯಲ್ಲಿ ಬೆಳೆದದ್ದು ನೀಲಗಿರಿ. ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ: ನೀಲಗಿರಿ ಹೂವು ಜೇನಿಗೆ ಒಳ್ಳೆಯ ಮೇವು. ಕೋತಿಗೆ ಅದರಿಂದ ಒಂದು ಹಿಡಿ ಆಹಾರವಿಲ್ಲ. ಅಂತರ್ಜಲದ ಕಾರಣಕ್ಕೆ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಕೋತಿಗೆ ನಷ್ಟವಾಗಲಿಲ್ಲ, ಜೇನಿಗೆ ಕೊಂಚ ಆಯಿತು. ಎರಡು ಜೀವಿಗಳ ಹಿತ ಎಲ್ಲ ಕಡೆಯೂ ಒಂದೇ ಅಲ್ಲ. ಆದರೆ ನೀಲಗಿರಿ ಮೇವು ಕೊಟ್ಟರೂ ಕೆಲವೇ ವರ್ಷಕ್ಕೊಮ್ಮೆ ಬುಡಕ್ಕೆ ಕಡಿಸಿಕೊಳ್ಳುವ ಮರ. ಹೆಜ್ಜೇನು ವರ್ಷ ವರ್ಷ ಮರಳಿ ಬರಲು ಬೇಕಾದ ಅಗಲ ಕೊಂಬೆ ಅದಕ್ಕೆ ಬೆಳೆಯುವುದೇ ಇಲ್ಲ. ಅದು ಕೊಡುತ್ತಿದ್ದ ಮೇವನ್ನು ಹೊಂಗೆ, ಹುಣಸೆ, ನೇರಳೆ, ಬೇವು ಕೊಡಬಲ್ಲವು, ಅವು ಗುಂಡುತೋಪಿನ ಮರಗಳೇ.

ಆನೆಗೆ ಕಾಡು ಉಳಿಸಿದರೆ ಅದರ ನೆರಳಿನಲ್ಲಿ ಉಳಿದೆಲ್ಲ ಉಳಿಯುತ್ತದೆ ಎನ್ನುವುದು ಇನ್ನೊಂದು ಆಕ್ಷೇಪ. ಈ ಸೀಮೆಗೆ ಈಗ ಕಾಮಸಂದ್ರ ವನ್ಯಜೀವಿ ಧಾಮವಿದೆ, ಅದು ಒಳ್ಳೆಯದೇ. ಆದರೆ ಮೈಸೂರು ವಿಶ್ವವಿದ್ಯಾಲಯದವರ ಲೆಕ್ಕದಲ್ಲಿ ಕುಸಿದದ್ದು ಕಾಡಿನ ಕೋತಿಯಲ್ಲ, ರಸ್ತೆ ಮತ್ತು ಊರಿನ ಕೋತಿ. ರಾಮಗೋವಿಂದಪುರದ ಆಲ ಇರುವುದೂ ಕಾಡಿನಲ್ಲಲ್ಲ. ಧಾಮದ ಗಡಿ ಎಷ್ಟೇ ಬಲವಾಗಿದ್ದರೂ ಇವೆರಡೂ ಬದುಕುವ ಜಾಗ ಅದರ ಹೊರಗಿದೆ. ಧಾಮದ ಒಳಗಿನ ಕಥೆಯೂ ಕೀಟ ಬಿಟ್ಟು ನಡೆಯುವುದಿಲ್ಲ. ಗಡಿಯಾಚೆ ಆಂಧ್ರದ ಕೌಂಡಿನ್ಯ ಧಾಮದಲ್ಲಿರುವ ಕಾಡುಪಾಪವನ್ನು ನೋಡಿ. ರಾತ್ರಿ ಹೊತ್ತು ಅಗಲ ಕಣ್ಣು ಬಿಟ್ಟುಕೊಂಡು ನಿಧಾನವಾಗಿ ಕೊಂಬೆ ಹಿಡಿದು ನಡೆಯುವ ಈ ಅಂಗೈಯಗಲದ ಪ್ರೈಮೇಟ್ ಏನು ತಿನ್ನುತ್ತದೆ ಎಂದು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕುರುಚಲು ಕಾಡಿನಲ್ಲಿ ನೋಡಿದಾಗ, ದಾಖಲಾದ ಆಹಾರದಲ್ಲಿ ಶೇ. 96ರಷ್ಟು ಪ್ರಾಣಿಮೂಲದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವೆ, ಗೆದ್ದಲು. ಕೀಟ ಕಳೆದರೆ ಕಾಡುಪಾಪದ ತಟ್ಟೆ ಖಾಲಿ. ಪ್ರೈಮೇಟ್‌ಗೆ ಮೀಸಲಾದ ಹಣದಲ್ಲಿ ಕೀಟವನ್ನೂ ಕಾಯಬೇಕಾಗುವುದು ಹೀಗೆ.

ಉಳಿದದ್ದು ಊರವರ ಆಕ್ಷೇಪ, ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಕೋತಿ ಹೆಂಚು ತೆಗೆಯುತ್ತದೆ, ಕಡಲೆಕಾಯಿ ಕೀಳುತ್ತದೆ, ಮಕ್ಕಳನ್ನು ಕಚ್ಚುತ್ತದೆ. ಹೆಜ್ಜೇನು ಎದ್ದರೆ ಮದುವೆ, ತಿಥಿ ನೋಡದೆ ಜನರನ್ನು ಆಸ್ಪತ್ರೆಗೆ ಸೇರಿಸುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತದೆ. ಇಂಥವನ್ನು ಉಳಿಸಿ ಎಂದು ಬೆಂಗಳೂರಿನಲ್ಲಿ ಕೂತವರು ಹೇಳುವುದು ಸುಲಭ. ನಿಜ. ಆದರೆ ಈಗಿನ ಪರಿಹಾರಗಳೂ ಫಲ ಕೊಟ್ಟಿಲ್ಲ. ಒಂದೂರಿನಲ್ಲಿ ಹಿಡಿದ ಕೋತಿಗಳನ್ನು ಇನ್ನೊಂದೂರಿನ ಪಕ್ಕದ ಕಾಡಿಗೆ ಬಿಡುವುದು ತೊಂದರೆಯನ್ನು ವರ್ಗಾಯಿಸುತ್ತದೆ ಅಷ್ಟೆ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ಚೀಲಗಳಲ್ಲಿ 38 ಕೋತಿಗಳು ಸತ್ತು ಸಿಕ್ಕವು. ರಾಜ್ಯದ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಕೋತಿಯ ಮೇಲಿನ ಅಂಥ ಸಿಟ್ಟಿನ ಬೇರು ಹುಡುಕಿದರೆ ಹಣ್ಣಿನ ಮರ ಕಳೆದುಕೊಂಡು ಊರೊಳಗೆ ನುಗ್ಗಿದ ಕೋತಿಯೇ ಸಿಗುತ್ತದೆ. ಹೆಜ್ಜೇನೂ ಹಾಗೇ, ಎತ್ತರದ ಕೊಂಬೆ ಇಲ್ಲದ ಕಡೆ ನೀರಿನ ಟ್ಯಾಂಕಿಗೆ, ಶಾಲೆಯ ಸಜ್ಜಕ್ಕೆ ಹುಟ್ಟು ಕಟ್ಟುತ್ತದೆ, ಅಲ್ಲಿ ಕಲ್ಲು ಬೀಳುವುದೂ ಜಾಸ್ತಿ, ಬೆಂಕಿ ಇಡುವುದೂ ಜಾಸ್ತಿ. ಕೋತಿಯ ನೋವು ನಮಗೆ ಮುಖದಲ್ಲೇ ಕಾಣುತ್ತದೆ, ಬೆಂಕಿಯಲ್ಲಿ ಉದುರುವ ಜೇನಿಗೆ ಮುಖವಿಲ್ಲ. ಈ ವ್ಯತ್ಯಾಸ ಕನಿಕರದ ಮಟ್ಟಿಗೆ ನ್ಯಾಯವೇ ಇರಬಹುದು. ಸಂರಕ್ಷಣೆಯ ಲೆಕ್ಕಕ್ಕೆ ಅದನ್ನು ಸೇರಿಸಬೇಕಿಲ್ಲ.

ಜೀವಿಯ ಹೆಸರಿನ ಬದಲು ಜಾಗಕ್ಕೆ ರಕ್ಷಣೆ ಕೊಟ್ಟ ಉದಾಹರಣೆ ಪಕ್ಕದಲ್ಲೇ ಇದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ದೇಶದಲ್ಲಿ ಆ ಮಾನ್ಯತೆ ಪಡೆದ ಮೊದಲ ಜಾಗ ಅದು. ಅಲ್ಲಿ ಅಪರೂಪದ ಪ್ರಾಣಿಯೊಂದರ ಹೆಸರು ಬೇಕಾಗಲಿಲ್ಲ, ಹಳೆಯ ಮರಗಳೇ ಸಾಕಾದವು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಪುಸ್ತಕ ಇರಬೇಕು. ಬಹಳಷ್ಟು ಕಡೆ ಆ ಪುಸ್ತಕವನ್ನು ಹೊರಗಿನವರು ಬಂದು ಗಿಡಗಳ ಪಟ್ಟಿ ಬರೆದು ಮುಗಿಸಿರುತ್ತಾರೆ. ಕಾಮಸಮುದ್ರ ಹೋಬಳಿಯ ಪಂಚಾಯಿತಿಗಳು ಅದನ್ನೇ ಮತ್ತೆ ತೆಗೆದು, ತಮ್ಮ ಎಲ್ಲೆಯ ಪ್ರತಿ ಆಲ, ಅತ್ತಿ, ಅರಳಿ, ಗೋಣಿ, ಹುಣಸೆ ಮರಕ್ಕೆ ಸಂಖ್ಯೆ ಕೊಟ್ಟು, ಯಾವ ಮರದಲ್ಲಿ ಯಾವ ತಿಂಗಳು ಎಷ್ಟು ಹೆಜ್ಜೇನು ಹುಟ್ಟು ಕಟ್ಟಿತು, ಯಾವ ತೋಪಿನಲ್ಲಿ ಎಷ್ಟು ಕೋತಿ ಮಲಗಿತು ಎಂದು ವರ್ಷಕ್ಕೆರಡು ಸಲ ಬರೆಸಲಿ. ಶಾಲೆಯ ಮೇಷ್ಟ್ರು, ರೇಷ್ಮೆ ಬೆಳೆಗಾರರು, ಜೇನು ಕೀಳುವವರು ಕೂಡಿದರೆ ಇದಕ್ಕೆ ಹೊರಗಿನ ತಜ್ಞರು ಬೇಕಾಗಿಲ್ಲ. ಗುಂಡುತೋಪಿನ ಸರ್ವೆ ನಂಬರುಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ಒತ್ತುವರಿಯಾದವನ್ನು ಬಿಡಿಸಲು ತಹಶೀಲ್ದಾರರಿಗೆ ಬರೆಯಲಿ. ದೊಡ್ಡ ಮರಗಳು ಉಳಿದಿರುವ ತೋಪುಗಳನ್ನು ನಲ್ಲೂರಿನಂತೆ ಪಾರಂಪರಿಕ ತಾಣ ಮಾಡಿ ಎಂದು ರಾಜ್ಯ ಜೀವವೈವಿಧ್ಯ ಮಂಡಳಿಗೆ ನಿರ್ಣಯ ಕಳಿಸಲಿ. ಅರ್ಜಿಯಲ್ಲಿ ಕೋತಿಯ ಹೆಸರು ಹಾಕಬೇಕೋ ಹೆಜ್ಜೇನಿನ ಹೆಸರು ಹಾಕಬೇಕೋ ಎಂದು ಯಾರಾದರೂ ಕೇಳಿದರೆ, ಮರದ ಸಂಖ್ಯೆ ಬರೆದರೆ ಸಾಕು.